ಕಲಬೆರಕೆ ಅಂತ ನಾನು ಬರೆದ ಡಾಂಬರಿನ ಚರಿತ್ರೆ

ಎಂಟು ವರ್ಷಗಳ ಹಿಂದೆ ನಾನು ಬರೆದ ಒಂದು ಸುದ್ದಿ ತಪ್ಪಾಗಿತ್ತು. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು: "ಸಾರ್, ಬೇಗ ಬನ್ನಿ, ರೋಡಿಗೆ ಡಾಂಬರು ಹಾಕ್ತಿಲ್ಲ, ಕಾಫಿ ನೀರು ಸುರೀತಿದಾರೆ." ಬೈಕ್ ಹತ್ತಿ ಹೋದೆ. ನಿಜವೇ. ನೀರು ಹನಿಸುವ ಕ್ಯಾನಿನಿಂದ ಒಬ್ಬ ಕೆಲಸಗಾರ ಜಲ್ಲಿಯ ಮೇಲೆ ಕಂದು ಬಣ್ಣದ ತೆಳು ದ್ರವ ಚೆಲ್ಲುತ್ತಿದ್ದ. ಹೊಗೆ ಇಲ್ಲ, ಒಲೆ ಇಲ್ಲ, ಡಾಂಬರಿನ ವಾಸನೆ ಸಹ ಅಷ್ಟಾಗಿ ಇಲ್ಲ. ಜಲ್ಲಿ ಒದ್ದೆಯಾಗಿತ್ತು. ಊರವರು ಸುತ್ತ ನಿಂತು ಬೈಯುತ್ತಿದ್ದರು. ನಾಲ್ಕು ಫೋಟೋ ತೆಗೆದೆ, ಇಬ್ಬರ ಮಾತು ಬರೆದುಕೊಂಡೆ, ಸಂಜೆಯೊಳಗೆ ಸುದ್ದಿ ಕಳಿಸಿದೆ. ಡಾಂಬರಿಗೆ ನೀರು ಬೆರೆಸಿ ರಸ್ತೆ ಮಾಡುತ್ತಿದ್ದಾರೆ ಎಂಬುದು ಅದರ ಸಾರ. ಮರುದಿನ ಚೆನ್ನಾದ ಜಾಗದಲ್ಲೇ ಬಂತು.

ಮೂರನೆಯ ದಿನ ಮತ್ತೆ ಆ ದಾರಿಯಲ್ಲಿ ಹೋದಾಗ ರಸ್ತೆ ಕಪ್ಪಾಗಿತ್ತು. ಗ್ಯಾಂಗಿನ ವಯಸ್ಸಾದ ಮೇಸ್ತ್ರಿ ನನ್ನನ್ನು ಗುರುತು ಹಿಡಿದ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಬೀಡಿ ಆರಿಸಿ, "ಪೇಪರ್‌ನೋರೇ, ನಿಮ್ಮನೇಲಿ ಹಾಲು ಒಡೆಯೋದು ನೋಡಿಲ್ವಾ?" ಅಂತ ಕೇಳಿದ. ಒಂದು ಹಳೇ ಡಬ್ಬಿಯಲ್ಲಿ ಅದೇ ಕಂದು ನೀರನ್ನು ತಂದು, ಹಿಡಿಯಷ್ಟು ಜಲ್ಲಿಪುಡಿ ಹಾಕಿ ಕಡ್ಡಿಯಿಂದ ಕಲಕಿದ. ಸ್ವಲ್ಪ ಹೊತ್ತಿನಲ್ಲಿ ಕಂದು ಹೋಗಿ ಕಪ್ಪು ಬಂತು, ನೀರು ಒಂದು ಕಡೆಗಾಯಿತು, ಡಾಂಬರು ಪುಡಿಗೆ ಅಂಟಿಕೊಂಡು ಮುದ್ದೆಯಾಯಿತು. "ನೀರು ಬೆರೆಸಿದ್ದು ನಾವಲ್ಲ, ಕಂಪನಿಯೋರೇ ಬೆರೆಸಿ ಕಳಿಸ್ತಾರೆ. ಕೆಲಸ ಆದ್ಮೇಲೆ ಅದು ಹಾರಿ ಹೋಗ್ತದೆ," ಅಂದ.

ಅದು ಬಿಟುಮೆನ್ ಎಮಲ್ಷನ್. ಅದರ ಬಗ್ಗೆ ಅವತ್ತಿಗೆ ನನಗೆ ಏನೂ ಗೊತ್ತಿರಲಿಲ್ಲ. ಡಿಪ್ಲೊಮಾದಲ್ಲಿ ಪ್ರೆಸ್ ಕಾಯ್ದೆ ಓದಿಸಿದ್ದರು, ರಸ್ತೆ ಯಾವುದರಿಂದ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಒಳಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟೀಕರಣ ಬಂದಿದ್ದು ಊರಿನಲ್ಲಿ ಯಾರೂ ಓದಲಿಲ್ಲ. ಇವತ್ತಿಗೂ ಆ ಹಳ್ಳಿಯಲ್ಲಿ ಅದು "ಕಾಫಿ ನೀರಿನ ರೋಡು". ಆ ಸಾಲ ತೀರಿಸೋಣ ಅಂತ ಈ ಬರಹ.

ಕತೆ ಡಾಂಬರಿನಿಂದಲ್ಲ, ಧೂಳಿನಿಂದ ಶುರುವಾಗುತ್ತದೆ.

ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ 1816ರಲ್ಲಿ ಬ್ರಿಸ್ಟಲ್ ಸುತ್ತಿನ ಸುಂಕದ ರಸ್ತೆಗಳ ಮೇಲ್ವಿಚಾರಕನಾದ. ಅವನ ಸೂತ್ರ ಬಹಳ ಸರಳ. ಅಡಿಯಲ್ಲಿ ದೊಡ್ಡ ಬಂಡೆ ಬೇಡ, ನೆಲ ಒಣಗಿರಲಿ, ನೀರು ಎರಡೂ ಪಕ್ಕಕ್ಕೆ ಹರಿದು ಹೋಗಲಿ, ಮೇಲೆ ಸಣ್ಣಗೆ ಒಡೆದ ಕಲ್ಲು ಪದರ ಪದರವಾಗಿ ಬರಲಿ. ಆರು ಔನ್ಸ್, ಅಂದರೆ ಸುಮಾರು 170 ಗ್ರಾಂಗಿಂತ ಭಾರದ ಕಲ್ಲು ಮೇಲೆ ಇರಬಾರದು ಎಂಬುದು ಅವನ ನಿಯಮ. ಗಾಡಿಗಳ ಕಬ್ಬಿಣದ ಪಟ್ಟಿಯ ಚಕ್ರ ಈ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ, ಸವೆದು ಬಂದ ಪುಡಿ ಮಳೆನೀರಿನ ಜೊತೆ ಸಂದು ತುಂಬುತ್ತದೆ. ಮೆಕಾಡಮ್ ತನ್ನ ರಸ್ತೆಗೆ ಡಾಂಬರು ಹಾಕಿರಲಿಲ್ಲ. "ಟಾರ್ ಮೆಕಾಡಮ್" ಅಂತ ಎರಡು ಹೆಸರನ್ನೂ ಒಟ್ಟಿಗೆ ಕೇಳಿ ಕೇಳಿ ನಾವು ಅವನೇ ಡಾಂಬರು ರಸ್ತೆ ಕಂಡುಹಿಡಿದ ಅಂದುಕೊಳ್ಳುತ್ತೇವೆ. ಅವನು ತೀರಿಕೊಂಡದ್ದು 1836ರಲ್ಲಿ. ಟಾರಿನ ಕಾಲ ಬರಲು ಇನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

ನಮ್ಮ ಕಡೆಗೂ ಬಂದದ್ದು ಇದೇ ಜಲ್ಲಿ ರಸ್ತೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನದಲ್ಲಿ ನೂರಾರು ಮೈಲಿ ರಸ್ತೆ ಆಯಿತು, ಘಟ್ಟ ಇಳಿಯುವ ದಾರಿಗಳಾದವು. ಎತ್ತಿನಗಾಡಿಗೆ ಅದು ಸಾಕಿತ್ತು. ಕಲ್ಲು ಒಡೆದವರು ನಮ್ಮ ಜನ, ಬಹಳ ಮಟ್ಟಿಗೆ ಬೋವಿ ಸಮುದಾಯದ ಕೈಗಳು. ರಸ್ತೆಯ ಪಕ್ಕದ ಫಲಕದಲ್ಲಿ ಕಬ್ಬನ್ ಹೆಸರಿದೆ, ಅವರದ್ದಿಲ್ಲ. ಇದು ಈ ಬರಹದ ವಿಷಯವಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮೋಟಾರು ಕಾರು ಬಂದ ಮೇಲೆ ಜಲ್ಲಿ ರಸ್ತೆಯ ಲೆಕ್ಕ ತಲೆಕೆಳಗಾಯಿತು. ಕಬ್ಬಿಣದ ಚಕ್ರ ಪುಡಿಯನ್ನು ಒತ್ತಿ ಕೂರಿಸುತ್ತಿತ್ತು. ವೇಗವಾಗಿ ಓಡುವ ರಬ್ಬರ್ ಟೈರು ಅದೇ ಪುಡಿಯನ್ನು ಹೀರಿ ಎಬ್ಬಿಸಿ ಗಾಳಿಗೆ ತೂರಿತು. ಪುಡಿ ಹೋದರೆ ಕಲ್ಲು ಸಡಿಲ, ಕಲ್ಲು ಸಡಿಲವಾದರೆ ಗುಂಡಿ. ಧೂಳು ಮನೆಯೊಳಗೆ, ಬೆಳೆಯ ಮೇಲೆ, ಶ್ವಾಸಕೋಶದಲ್ಲಿ. ಯುರೋಪಿನ ಶ್ರೀಮಂತರ ಕಾರು ಓಡಿದ ದಾರಿಯ ಇಕ್ಕೆಲದ ರೈತರು ಧೂಳು ತಿಂದರು.

ಮೊನಾಕೊದಲ್ಲಿ ವೈದ್ಯನಾಗಿದ್ದ ಸ್ವಿಟ್ಜರ್ಲೆಂಡಿನ ಅರ್ನೆಸ್ಟ್ ಗುಗ್ಲಿಯೆಲ್ಮಿನೆಟ್ಟಿಗೆ ಈ ಧೂಳು ರೋಗದ ಪ್ರಶ್ನೆಯಾಗಿ ಕಂಡಿತು. 1902ರಲ್ಲಿ ಅವನು ಅಲ್ಲಿನ ರಸ್ತೆಯ ಒಂದು ತುಂಡಿಗೆ ಕಲ್ಲಿದ್ದಲಿನ ಟಾರ್ ಕಾಯಿಸಿ ಬಳಿಸಿದ. ಧೂಳು ನಿಂತಿತು. ಜನ ಅವನಿಗೆ "ಡಾಕ್ಟರ್ ಟಾರ್" ಎಂಬರ್ಥದ ಫ್ರೆಂಚ್ ಅಡ್ಡಹೆಸರು ಇಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ಎಡ್ಗರ್ ಪರ್ನೆಲ್ ಹೂಲಿ ಎಂಬ ಸರ್ವೇಯರ್, ಕಬ್ಬಿಣದ ಕಾರ್ಖಾನೆಯ ಬಳಿ ಪೀಪಾಯಿ ಒಡೆದು ಚೆಲ್ಲಿದ ಟಾರಿನ ಮೇಲೆ ಯಾರೋ ಕಿಟ್ಟದ ಪುಡಿ ಸುರಿದಿದ್ದ ಜಾಗ ಗಟ್ಟಿಯಾಗಿ, ಧೂಳಿಲ್ಲದೆ ಇದ್ದದ್ದನ್ನು ನೋಡಿದನಂತೆ. 1902ರಲ್ಲಿ ಪೇಟೆಂಟ್ ಪಡೆದ, ಟಾರ್‌ಮ್ಯಾಕ್ ಎಂಬ ಹೆಸರು ಹುಟ್ಟಿತು. 1908ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಅಂತಾರಾಷ್ಟ್ರೀಯ ರಸ್ತೆ ಸಮ್ಮೇಳನ ಸೇರಿದಾಗ ಕಾರಿನಿಂದ ರಸ್ತೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ದೊಡ್ಡ ಮಾತಾಗಿತ್ತು.

ಇಲ್ಲಿ ಒಂದು ಪದದ ಗೊಂದಲ ಬಿಡಿಸಬೇಕು. ನಾವು ಇವತ್ತಿಗೂ "ಟಾರ್ ರೋಡು" ಅನ್ನುತ್ತೇವೆ. ಟಾರ್ ಬರುವುದು ಕಲ್ಲಿದ್ದಲಿನಿಂದ, ಊರಿನ ದೀಪಕ್ಕೆ ಕಲ್ಲಿದ್ದಲಿನ ಅನಿಲ ತಯಾರಿಸುವಾಗ ಉಳಿಯುವ ಗಸಿ ಅದು. ಈಗ ರಸ್ತೆಗೆ ಹಾಕುವುದು ಬಿಟುಮೆನ್, ಕಚ್ಚಾ ತೈಲ ಶುದ್ಧ ಮಾಡಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಅಂಟು. ಅಮೆರಿಕದವರು ಅದನ್ನೇ ಆಸ್ಫಾಲ್ಟ್ ಅನ್ನುತ್ತಾರೆ. ಎರಡೂ ಕಪ್ಪು, ಎರಡಕ್ಕೂ ನಾವು ಡಾಂಬರು ಎನ್ನುತ್ತೇವೆ, ಆದರೆ ಮೈಗೆ ಮಾಡುವ ಕೇಡು ಒಂದೇ ಅಲ್ಲ. 1915ರಲ್ಲಿ ಜಪಾನಿನ ಯಮಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರ್ ಬಳಿದು ಕ್ಯಾನ್ಸರ್ ತರಿಸಿ ತೋರಿಸಿದರು. ಪ್ರಯೋಗಶಾಲೆಯಲ್ಲಿ ರಾಸಾಯನಿಕದಿಂದ ಕ್ಯಾನ್ಸರ್ ಉಂಟುಮಾಡಿದ ಮೊದಲ ಪ್ರಯೋಗಗಳಲ್ಲಿ ಅದು ಹೆಸರಾದದ್ದು. ಅಂದರೆ ಡಾಕ್ಟರ್ ಟಾರ್ ಧೂಳಿನ ರೋಗಕ್ಕೆ ಕೊಟ್ಟ ಮದ್ದಿನೊಳಗೇ ಬೇರೆ ರೋಗ ಇತ್ತು. ಇತ್ತ ಟಾರ್ ಬಳಿದ ರಸ್ತೆಯಿಂದ ಮಳೆಗೆ ತೊಳೆದು ಹೋದ ನೀರು ಹೊಳೆಗಳ ಮೀನು ಕೊಲ್ಲುತ್ತದೆ ಎಂಬ ದೂರೂ ಇಂಗ್ಲೆಂಡಿನಲ್ಲಿ ಎದ್ದಿತು.

ಬಿಟುಮೆನ್ ಟಾರಿಗಿಂತ ವಾಸಿ, ಆದರೆ ಅದಕ್ಕೂ ಒಂದು ಹಟ ಇದೆ. ತಣ್ಣಗಿದ್ದಾಗ ಕಲ್ಲು, ಕಾಯಿಸಿದರೆ ಮಾತ್ರ ನೀರು. ಇವತ್ತಿನ ಹಾಟ್ ಮಿಕ್ಸ್‌ಗೆ ಬಿಟುಮೆನ್ನನ್ನೂ ಜಲ್ಲಿಯನ್ನೂ 150 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಬೇಕು. ಜಲ್ಲಿ ಒಣಗಿರಬೇಕು, ಏಕೆಂದರೆ ಕಲ್ಲಿಗೆ ಎಣ್ಣೆಗಿಂತ ನೀರೇ ಇಷ್ಟ. ಮಧ್ಯೆ ತೇವದ ಪೊರೆ ಇದ್ದರೆ ಡಾಂಬರು ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಮೊದಲ ಮಳೆಗೆ ಸಿಪ್ಪೆಯಂತೆ ಏಳುತ್ತದೆ. ಕಾಯಿಸದೆ ಬಳಸಬೇಕಾದರೆ ಒಂದು ದಾರಿ ಸೀಮೆಎಣ್ಣೆ ಬೆರೆಸಿ ತೆಳು ಮಾಡುವುದು. ಅದನ್ನು ಕಟ್‌ಬ್ಯಾಕ್ ಅನ್ನುತ್ತಾರೆ. ಸೀಮೆಎಣ್ಣೆ ಆಮೇಲೆ ಗಾಳಿಗೆ ಹಾರಿ ಹೋಗುತ್ತದೆ, ಅಂದರೆ ಉರಿಸಬಹುದಾದ ಇಂಧನವನ್ನು ರಸ್ತೆಗೆ ಸುರಿದು ಆವಿ ಮಾಡಿದ ಹಾಗೆ.

ಇನ್ನೊಂದು ದಾರಿ ನೀರು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುತ್ತೇವೆ, ಆದರೆ ಹಾಲು ಅಂದರೆ ಇನ್ನೇನು? ನೀರಿನಲ್ಲಿ ಕೊಬ್ಬಿನ ಸಣ್ಣ ಹನಿಗಳು ಒಂದಕ್ಕೊಂದು ಸೇರದೆ ತೇಲುತ್ತಿರುವುದೇ ಹಾಲು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ವೆಸ್ಟ್ರುಮೈಟ್ ಎಂಬ ಹೆಸರಿನಲ್ಲಿ, ಎಣ್ಣೆಯನ್ನು ಅಮೋನಿಯಾದ ಸಹಾಯದಿಂದ ನೀರಿನಲ್ಲಿ ಕದಡಿದ ದ್ರವವನ್ನು ನೀರಿನ ಗಾಡಿಯಿಂದ ರಸ್ತೆಗೆ ಚಿಮುಕಿಸಿದ್ದರು. ಕಂಡುಹಿಡಿದ ವ್ಯಾನ್ ವೆಸ್ಟ್ರುಮ್‌ನ ಹೆಸರೇ ಅದಕ್ಕೂ ಬಂತು. ಧೂಳು ಕೆಲವು ದಿನ ಅಡಗುತ್ತಿತ್ತು, ಮಳೆಗೆ ತೊಳೆದು ಹೋಗುತ್ತಿತ್ತು. ಕಲ್ಲನ್ನು ಕಲ್ಲಿಗೆ ಅಂಟಿಸುವ ಶಕ್ತಿ ಅದಕ್ಕಿರಲಿಲ್ಲ.

ಆ ಕೆಲಸ ಆದದ್ದು 1922ರಲ್ಲಿ. ಹ್ಯೂ ಅಲನ್ ಮ್ಯಾಕೆ ಮತ್ತು ಜಾರ್ಜ್ ಸ್ಯಾಮ್ಯುಯೆಲ್ ಹೇ ಎಂಬ ಇಬ್ಬರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು ಗಟ್ಟಿ ಬಿಟುಮೆನ್ನನ್ನೇ ನೀರಿನಲ್ಲಿ ನಿಲ್ಲುವಂತೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ತಣ್ಣನೆಯ ಆಸ್ಫಾಲ್ಟ್ ಎಂಬ ಅರ್ಥದ ಇಂಗ್ಲಿಷ್ ಪದಗಳಾದ ಕೋಲ್ಡ್ ಮತ್ತು ಆಸ್ಫಾಲ್ಟ್ ಎರಡರ ತಲೆ ಸೇರಿಸಿ ಅದಕ್ಕೆ "ಕೊಲಾಸ್" ಎಂದು ಹೆಸರಿಟ್ಟರು. 1929ರಲ್ಲಿ ಫ್ರಾನ್ಸಿನಲ್ಲಿ ಅದೇ ಹೆಸರಿನ ರಸ್ತೆ ಕಂಪನಿ ಹುಟ್ಟಿತು, ಈಗದು ಜಗತ್ತಿನ ದೊಡ್ಡ ರಸ್ತೆ ಕಂಪನಿಗಳಲ್ಲಿ ಒಂದು. ಭಾರತದಲ್ಲಿ 1995ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಜೊತೆ ಸೇರಿ ಹಿಂದೂಸ್ತಾನ್ ಕೊಲಾಸ್ ಆಯಿತು. ರಸ್ತೆ ಪಕ್ಕ ಬಿದ್ದಿರುವ ಖಾಲಿ ಡ್ರಮ್ಮುಗಳ ಮೇಲೆ ಹಿಂಕಾಲ್ ಎಂಬ ಹೆಸರು ನೋಡಿದ್ದರೆ, ಅದರ ಬೇರು ಈ 1922ರ ಪೇಟೆಂಟಿಗೆ ಹೋಗುತ್ತದೆ.

ಮಾಡುವ ಕ್ರಮವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದು ಕಡೆಯಿಂದ ಕಾಯಿಸಿದ ಬಿಟುಮೆನ್, ಇನ್ನೊಂದು ಕಡೆಯಿಂದ ಸಾಬೂನಿನಂತಹ ಪದಾರ್ಥ ಕರಗಿಸಿದ ನೀರು, ಎರಡೂ ಕೊಲಾಯ್ಡ್ ಮಿಲ್ ಎಂಬ ಯಂತ್ರಕ್ಕೆ ಹೋಗುತ್ತವೆ. ಅತಿ ವೇಗವಾಗಿ ತಿರುಗುವ ಭಾಗಕ್ಕೂ ನಿಂತಿರುವ ಭಾಗಕ್ಕೂ ನಡುವಿನ ಕೂದಲೆಳೆ ಸಂದಿನಲ್ಲಿ ಬಿಟುಮೆನ್ ಹರಿದು ಹನಿ ಹನಿಯಾಗುತ್ತದೆ. ಒಂದೊಂದು ಹನಿ ಕೆಲವೇ ಮೈಕ್ರಾನ್, ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಸಾಬೂನಿನ ಕಣಗಳು ಹನಿಯ ಸುತ್ತ ಮುತ್ತಿಕೊಂಡು ಎಲ್ಲ ಹನಿಗೂ ಒಂದೇ ಬಗೆಯ ವಿದ್ಯುತ್ ಚಾರ್ಜ್ ಕೊಡುತ್ತವೆ. ಒಂದೇ ಚಾರ್ಜಿನವು ಒಂದನ್ನೊಂದು ದೂರ ತಳ್ಳುತ್ತವೆ, ಹಾಗಾಗಿ ಹನಿಗಳು ಸೇರುವುದಿಲ್ಲ. ಅಷ್ಟು ಸಣ್ಣ ಹನಿಗಳಾಗಿ ಚದುರಿದಾಗ ಬಣ್ಣ ಕಂದಾಗಿ ಕಾಣುತ್ತದೆ. ಊರವರು ನೋಡಿದ ಕಾಫಿ ಇದೇ. ಜಲ್ಲಿಗೆ ತಾಗಿದ ಮೇಲೆ ಹನಿಗಳು ಕಲ್ಲಿನ ಮೈಗೆ ಅಂಟಿ, ಒಂದಕ್ಕೊಂದು ಕೂಡಿ, ನೀರನ್ನು ಹೊರಗೆ ದೂಡುತ್ತವೆ. ಕಂದು ಹೋಗಿ ಕಪ್ಪು ಬರುತ್ತದೆ. ಇದನ್ನು ಎಂಜಿನಿಯರುಗಳು "ಬ್ರೇಕಿಂಗ್" ಅನ್ನುತ್ತಾರೆ. ಮೇಸ್ತ್ರಿಯ "ಒಡೆಯುವುದು" ಅದಕ್ಕೆ ಸರಿಯಾದ ಕನ್ನಡ, ಪಠ್ಯಪುಸ್ತಕದವರು ಬೇರೆ ಹುಡುಕುವ ಅಗತ್ಯ ಇಲ್ಲ.

ಮೊದಲ ಕಾಲದ ಎಮಲ್ಷನ್‌ಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಅವುಗಳಲ್ಲಿ ಬಳಸಿದ್ದು ನಮ್ಮ ಮೈಸಾಬೂನಿನಂಥದೇ ಕ್ಷಾರದ ಸಾಬೂನು, ಹನಿಗೆ ಬರುತ್ತಿದ್ದುದು ಋಣ ಚಾರ್ಜ್. ಸುಣ್ಣಕಲ್ಲಿನ ಜಲ್ಲಿಗೆ ಅದು ಒಗ್ಗುತ್ತಿತ್ತು. ಗ್ರಾನೈಟ್, ಬೆಣಚು ಇರುವ ಕಲ್ಲಿನ ಮೈ ಒದ್ದೆಯಾದಾಗ ಅದಕ್ಕೂ ಋಣ ಚಾರ್ಜೇ ಇರುತ್ತದೆ. ಋಣಕ್ಕೂ ಋಣಕ್ಕೂ ಆಗದು. ನೀರು ಪೂರ್ತಿ ಆರುವ ತನಕ ಕಾಯಬೇಕಿತ್ತು, ಅಷ್ಟರಲ್ಲಿ ಮಳೆ ಬಂದರೆ ಕಂದು ನೀರೆಲ್ಲ ಚರಂಡಿಗೆ. 1950ರ ದಶಕದಲ್ಲಿ ಯುರೋಪಿನಲ್ಲಿ, ಮುಖ್ಯವಾಗಿ ಫ್ರಾನ್ಸಿನಲ್ಲಿ, ಆಮ್ಲದಲ್ಲಿ ಕರಗಿಸಿದ ಅಮೀನ್ ಎಂಬ ಬೇರೆ ಜಾತಿಯ ರಾಸಾಯನಿಕ ಬಳಸಿ ಹನಿಗಳಿಗೆ ಧನ ಚಾರ್ಜ್ ಕೊಡುವುದನ್ನು ಕಲಿತರು. ಕ್ಯಾಟಯಾನಿಕ್ ಎಮಲ್ಷನ್ ಅಂದರೆ ಇದು. ಈಗ ಹನಿ ಧನ, ಕಲ್ಲು ಋಣ. ನೀರು ಆರುವವರೆಗೆ ಕಾಯದೆ ಹನಿಯೇ ಹೋಗಿ ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಕಲ್ಲು ತೇವ ಇದ್ದರೂ.

ಕರ್ನಾಟಕದ ಹೆಚ್ಚಿನ ಕ್ವಾರಿಗಳಲ್ಲಿ ಸಿಗುವುದು ಗ್ರಾನೈಟ್ ಮತ್ತು ಅದರ ಸೋದರ ಜಾತಿಯ ನೈಸ್ ಕಲ್ಲು. ಹಳೆಯ ಬಗೆಯ ಎಮಲ್ಷನ್ ನಮ್ಮ ಕಲ್ಲಿಗೆ ಸರಿಹೊಂದುವಂತಿರಲಿಲ್ಲ. ಕಂದು ಡಾಂಬರು ನಮ್ಮ ಹಳ್ಳಿಗೆ ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ದೇಶದ ಮಾನದಂಡಗಳನ್ನು ನೋಡಿದರೆ ಆ ಕ್ರಮ ಕಾಣುತ್ತದೆ: ಋಣ ಚಾರ್ಜಿನ ಎಮಲ್ಷನ್‌ಗೆ ಐಎಸ್ 3117 ಬಂದದ್ದು 1965ರಲ್ಲಿ, ಧನ ಚಾರ್ಜಿನದಕ್ಕೆ ಐಎಸ್ 8887 ಬಂದದ್ದು 1978ರಲ್ಲಿ. ಇವತ್ತು ರಸ್ತೆಗೆ ಬರುವ ಡ್ರಮ್ಮು ಬಹುತೇಕ ಎರಡನೆಯದರ ಪ್ರಕಾರದ್ದು.

ಮಾನದಂಡ ಬರೆಯುವ ಮೊದಲು ರಸ್ತೆಗೆ ದುಡ್ಡು ಬೇಕಲ್ಲ. ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿ ಮರುವರ್ಷ ವರದಿ ಕೊಟ್ಟಿತು. ಅದರ ಶಿಫಾರಸಿನಂತೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚು ತೆರಿಗೆ ಹಾಕಿ 1929ರಲ್ಲಿ ಕೇಂದ್ರ ರಸ್ತೆ ನಿಧಿ ಮಾಡಿದರು. 1934ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು, ರಸ್ತೆ ಹೇಗಿರಬೇಕೆಂದು ಇವತ್ತಿಗೂ ಬರೆಯುವವರು ಅವರೇ. ಪೆಟ್ರೋಲಿನಿಂದ ಬಂದ ದುಡ್ಡು ಪೆಟ್ರೋಲ್ ಗಾಡಿ ಓಡುವ ಕಡೆಗೆ ಹೋಗುವುದು ಸಹಜ. ಎತ್ತಿನಗಾಡಿಯ ಹಳ್ಳಿ ದಾರಿ ದಶಕಗಳ ಕಾಲ ಮಣ್ಣಾಗಿಯೇ ಉಳಿಯಿತು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದ ಮೇಲೆ ದೊಡ್ಡ ಪ್ರಮಾಣದಲ್ಲಿ ಹಳ್ಳಿಗಳಿಗೆ ಕಪ್ಪು ರಸ್ತೆ ಬಂತು.

ಆಗ ಹಳೇ ಪ್ರಶ್ನೆ ಹೊಸದಾಗಿ ಎದ್ದಿತು. ಹಾಟ್ ಮಿಕ್ಸ್ ಪ್ಲಾಂಟ್ ಇರುವುದು ಪೇಟೆ ಹತ್ತಿರ. ಅಲ್ಲಿಂದ ಹೊರಟ ಲಾರಿ ಕಾಡಿನ ಹಳ್ಳಿ ಮುಟ್ಟುವ ಹೊತ್ತಿಗೆ ಮಾಲು ತಣ್ಣಗಾಗಿರುತ್ತದೆ, ತಣ್ಣಗಾದ ಮೇಲೆ ರೋಲರ್ ಓಡಿಸಿದರೂ ಅದು ಬಿಗಿಯುವುದಿಲ್ಲ. ಅಸ್ಸಾಂ, ಮೇಘಾಲಯದಂಥ ಮಳೆಯ, ಗುಡ್ಡದ ನಾಡಿನಲ್ಲಿ ಕೆಲಸಕ್ಕೆ ಸಿಗುವ ಒಣ ದಿನಗಳೇ ಕಡಿಮೆ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ನೆರವಿನಿಂದ ಎಮಲ್ಷನ್ ಬಳಸುವ ಕೋಲ್ಡ್ ಮಿಕ್ಸ್ ವಿಧಾನ ಈಶಾನ್ಯದ ಗ್ರಾಮೀಣ ರಸ್ತೆಗಳಲ್ಲಿ ಬೇರು ಬಿಟ್ಟಿತು. 2014ರಲ್ಲಿ ರೋಡ್ಸ್ ಕಾಂಗ್ರೆಸ್ ಈ ವಿಧಾನಕ್ಕೆಂದೇ ಎಸ್‌ಪಿ 100 ಎಂಬ ಕೈಪಿಡಿ ತಂದಿತು. ನಮ್ಮ ಮಲೆನಾಡಿಗೂ ಆ ನಾಡಿಗೂ ಮಳೆಯ ವಿಷಯದಲ್ಲಿ ಅಂಥ ದೂರವೇನಿಲ್ಲ. ಆದರೆ ನಮ್ಮಲ್ಲಿ ಎಮಲ್ಷನ್ ಅಂದರೆ ಇವತ್ತಿಗೂ ಬಹಳ ಮಟ್ಟಿಗೆ ಹಳೇ ಪದರಕ್ಕೆ ಹೊಸ ಪದರ ಅಂಟಲು ಬಳಿಯುವ ಟ್ಯಾಕ್ ಕೋಟ್ ಮತ್ತು ಗುಂಡಿ ಮುಚ್ಚುವ ಕೆಲಸ.

ಲಾಭ ಏನು ಎಂದು ಕೇಳಿದರೆ ನಾನು ಮೊದಲು ಹೇಳುವುದು ಕಾಲಿನ ಬಗ್ಗೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಮುಂದೆ ರಸ್ತೆ ಮಾಡಿದರು. ಬೇರೆ ಜಿಲ್ಲೆಯಿಂದ ಬಂದ ಕುಟುಂಬಗಳು ಬೇಸಿಗೆಯಿಡೀ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಡಾಂಬರಿನ ಡ್ರಮ್ ಕೆಳಗೆ ಸೌದೆ, ಸೌದೆ ಸಾಲದಿದ್ದರೆ ಹಳೇ ಟೈರು. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ಹೆಂಗಸರು ಬಕೆಟ್ಟಿನಲ್ಲಿ ಕುದಿಯುವ ಡಾಂಬರು ಹೊರುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬಾಕೆಯ ಪಾದದ ಮೇಲೆ ಅದು ಚೆಲ್ಲಿತು. ನಮ್ಮ ಕ್ಲಾಸಿನವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದೆವು. ಬಿಸಿನೀರು ಬಿದ್ದರೆ ಹರಿದು ಹೋಗುತ್ತದೆ, ಡಾಂಬರು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಎಳೆದರೆ ಚರ್ಮವೂ ಬರುತ್ತದೆ. ಯಾರೋ ಎಳೆಯಲು ಹೋದರು. ನಮ್ಮ ಮೇಷ್ಟ್ರು ಓಡಿ ಹೋಗಿ ತಡೆದು ಶಾಲೆಯ ತೊಟ್ಟಿಯ ನೀರು ಸುರಿಸಿದರು. ಆ ಗುತ್ತಿಗೆದಾರ ಅವಳಿಗೆ ಏನು ಕೊಟ್ಟನೋ, ಮರುದಿನದಿಂದ ಆ ಕುಟುಂಬ ಕಾಣಲಿಲ್ಲ. ರಸ್ತೆ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯಿತು.

ಎಮಲ್ಷನ್ ಕೆಲಸದಲ್ಲಿ ಈ ಬೆಂಕಿ ಇಲ್ಲ. ಕಾಂಕ್ರೀಟ್ ಕಲಸುವ ಮಿಕ್ಸರಿನಂಥ ಯಂತ್ರದಲ್ಲೇ ಜಲ್ಲಿ ಮತ್ತು ಎಮಲ್ಷನ್ ಬೆರೆಸಬಹುದು, ಸಣ್ಣ ಗುಂಡಿಗಾದರೆ ಸಲಿಕೆ, ಬಾಣಲೆ ಸಾಕು. ಸೌದೆ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಹೊಗೆ ಕುಡಿಯುವುದು ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2013ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಸ್ತೆ ಕೆಲಸದ ಬಿಸಿ ಬಿಟುಮೆನ್ ಹೊಗೆಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಪಟ್ಟಿಯಲ್ಲಿ ಇಟ್ಟಿದೆ. ಕಲ್ಲಿದ್ದಲಿನ ಟಾರಿನಷ್ಟು ಖಚಿತವಾಗಿ ಅಲ್ಲ, ಆದರೂ ದಿನಗೂಲಿಯವರು ಇಪ್ಪತ್ತು ವರ್ಷ ಕುಡಿಯುವಂಥ ಹೊಗೆ ಅದಲ್ಲ. ಅಮೆರಿಕದಲ್ಲಿ ಎಮಲ್ಷನ್ ಹೆಚ್ಚು ಬಳಕೆಗೆ ಬರಲು ಕೂಲಿಯವರ ಕಾಲು ಕಾರಣವಾಗಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ರಸ್ತೆಗೆ ಸೀಮೆಎಣ್ಣೆ ಸುರಿಯುವುದು ದುಬಾರಿಯೂ ಅನ್ನಿಸಿತು, ಅದರ ಆವಿ ಗಾಳಿ ಕೆಡಿಸುತ್ತದೆ ಎಂಬ ಕಾನೂನಿನ ಒತ್ತಡವೂ ಬಂತು.

ನಿರ್ವಹಣೆಯ ಲಾಭ ಇನ್ನೂ ದೊಡ್ಡದು, ಅದು ನಮ್ಮವರಿಗೆ ಕಾಣುವುದೇ ಇಲ್ಲ. ರಸ್ತೆ ಸಾಯುವುದು ಲಾರಿಯ ಭಾರದಿಂದಷ್ಟೇ ಅಲ್ಲ, ಬಿರುಕಿನಲ್ಲಿ ಇಳಿಯುವ ನೀರಿನಿಂದ. ಕೂದಲಿನಂಥ ಬಿರುಕು ಇದ್ದಾಗಲೇ ಎಮಲ್ಷನ್, ಸಣ್ಣ ಜಲ್ಲಿಪುಡಿ ಕಲಸಿದ ಗಂಜಿಯಂಥ ತೆಳು ಪದರ ಎಳೆದರೆ ನೀರು ಇಳಿಯುವುದಿಲ್ಲ. ಸ್ಲರಿ ಸೀಲ್, ಮೈಕ್ರೋಸರ್ಫೇಸಿಂಗ್ ಎಂಬುವು ಇವೇ. 2008ರಲ್ಲಿ ರೋಡ್ಸ್ ಕಾಂಗ್ರೆಸ್ ಇವಕ್ಕೂ ಕೈಪಿಡಿ ಮಾಡಿತು. ಆದರೆ ಚೆನ್ನಾಗಿ ಕಾಣುವ ರಸ್ತೆಗೆ ಖರ್ಚು ಮಾಡಿದರೆ ಯಾವ ಶಾಸಕರಿಗೆ ಗುದ್ದಲಿಪೂಜೆ ಸಿಗುತ್ತದೆ? ಗುಂಡಿ ಬೀಳುವವರೆಗೆ ಕಾಯುತ್ತಾರೆ, ನಾವೂ ಗುಂಡಿ ಬಿದ್ದ ಮೇಲೇ ಫೋಟೋ ತೆಗೆಯುತ್ತೇವೆ.

ಹಾಗಂತ ಕಂದು ಡಾಂಬರು ಎಲ್ಲಕ್ಕೂ ಆಗುವ ಮದ್ದಲ್ಲ. ಒಡೆದು ನೀರು ಪೂರ್ತಿ ಆರುವವರೆಗೆ ಅದಕ್ಕೆ ಬಲ ಬರುವುದಿಲ್ಲ. ಹಾಟ್ ಮಿಕ್ಸ್ ತಣ್ಣಗಾದ ಕೂಡಲೇ ಗಾಡಿ ಬಿಡಬಹುದು, ಇದಕ್ಕೆ ಕೆಲವು ದಿನ ನಿಧಾನದ ಓಡಾಟ ಬೇಕು. ಕಬ್ಬಿನ ಟ್ರ್ಯಾಕ್ಟರು, ಅದಿರು ಲಾರಿ ಓಡುವ ದಾರಿಗೆ ಹಾಟ್ ಮಿಕ್ಸೇ ಸರಿ. ಒದ್ದೆ ಕಲ್ಲು ಪರವಾಗಿಲ್ಲ ಅಂದರೆ ಸುರಿಯುವ ಮಳೆ ಪರವಾಗಿಲ್ಲ ಅಂತಲ್ಲ. ಡ್ರಮ್ಮು ತಿಂಗಳುಗಟ್ಟಲೆ ನಿಂತರೆ ಕೆಳಗೆ ಗಸಿ ಕೂರುತ್ತದೆ, ಉಪಯೋಗಿಸುವ ಮೊದಲು ಉರುಳಿಸಿ ಕದಡಬೇಕು. ಬೇಗ ಒಡೆಯುವುದು, ಮಧ್ಯಮ, ನಿಧಾನ ಎಂದು ಬಗೆಗಳಿವೆ, ಡ್ರಮ್ಮಿನ ಮೇಲೆ ಆರ್‌ಎಸ್, ಎಂಎಸ್, ಎಸ್ಎಸ್ ಅಂತ ಬರೆದಿರುತ್ತದೆ. ಟ್ಯಾಕ್ ಕೋಟಿನ ಆರ್‌ಎಸ್ ತಂದು ಜಲ್ಲಿ ಜೊತೆ ಕಲಸಲು ಹೋದರೆ ಮಿಕ್ಸರಿನಲ್ಲೇ ಒಡೆದು ಉಂಡೆಯಾಗುತ್ತದೆ.

ಇನ್ನು ಕಲಬೆರಕೆ. ನಾನು ಬರೆದ ಸುದ್ದಿ ತಪ್ಪಾಗಿತ್ತು, ಆದರೆ ಊರವರ ಅನುಮಾನ ಪೂರ್ತಿ ತಪ್ಪಲ್ಲ. ಮೊದಲೇ ನೀರಿರುವ ಮಾಲಿಗೆ ಇನ್ನಷ್ಟು ನೀರು ಸೇರಿಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಲಿನವರ ಕತೆಯೇ ಇಲ್ಲೂ. ಅದಕ್ಕೆ ಮಾನದಂಡದಲ್ಲಿ ಲೆಕ್ಕ ಇದೆ: ಜಲ್ಲಿ ಜೊತೆ ಕಲಸುವ ಎಂಎಸ್ ಬಗೆಯಲ್ಲಿ ನೀರೆಲ್ಲ ಹಾರಿಸಿದ ಮೇಲೆ ತೂಕದ ಕನಿಷ್ಠ 65 ಭಾಗ ಬಿಟುಮೆನ್ ಉಳಿಯಬೇಕು, ಆರ್‌ಎಸ್-1ರಲ್ಲಿ 60. ಡ್ರಮ್ಮಿನಿಂದ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ನೋಡಿದರೆ ಗೊತ್ತಾಗುವ ವಿಷಯ ಇದು. ಅವತ್ತು ನಾನು ಕೇಳಬೇಕಾಗಿದ್ದ ಪ್ರಶ್ನೆ "ಯಾಕೆ ನೀರು ಇದೆ" ಎಂಬುದಲ್ಲ, "ಎಷ್ಟು ಉಳಿಯಿತು, ಟೆಸ್ಟ್ ರಿಪೋರ್ಟ್ ಎಲ್ಲಿ" ಎಂಬುದು. ಈಗ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಎಸ್ಟಿಮೇಟ್, ಬಿಲ್ಲಿನ ಜೊತೆ ಅದನ್ನೂ ಕೇಳುತ್ತೇನೆ. ಒಂದೆರಡು ಸಲ ಸಿಕ್ಕಿದೆ. ಕಡತ ಹುಡುಕುತ್ತಿದ್ದೇವೆ ಎಂಬ ಉತ್ತರ ಬಂದದ್ದೇ ಹೆಚ್ಚು.

ಆ ಹಳ್ಳಿಯ ರಸ್ತೆಗೆ ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿದ್ದೆ. ಮೇಸ್ತ್ರಿ ಡಬ್ಬಿಯಲ್ಲಿ ಕಲಸಿ ತೋರಿಸಿದ ಜಾಗದಿಂದ ದೇವಸ್ಥಾನದ ತಿರುವಿನವರೆಗೆ ಹಾಕಿದ ತೇಪೆಗಳೆಲ್ಲ ಕೂತಿದ್ದವು. ಅಲ್ಲಿಂದ ಕೆಳಗೆ, ಮೋರಿಯ ಹತ್ತಿರ, ಜಲ್ಲಿ ಎದ್ದು ಹರಡಿತ್ತು. ಆ ಭಾಗ ಮುಗಿಸಿದ ಸಂಜೆಯೇ ಜೋರು ಮಳೆ ಬಂತೆಂದೂ, ಗಾಡಿ ತಡೆಯಲು ಹಾಕಿದ್ದ ಕಲ್ಲುಗಳನ್ನು ಬಸ್ಸು ಬರಬೇಕೆಂದು ಊರವರೇ ತೆಗೆದರೆಂದೂ ಅಂಗಡಿಯವರು ಹೇಳಿದರು. ಮೇಸ್ತ್ರಿಯನ್ನು ಕೇಳೋಣವೆಂದರೆ ಗ್ಯಾಂಗ್ ಬೇರೆ ತಾಲ್ಲೂಕಿಗೆ ಹೋಗಿತ್ತು.